ಮಹಡಿಯಿಂದಿಳಿದ ಚಂದ್ರ

ದೂರದರ್ಶಕಕ್ಕೆ ಎಷ್ಟೇ ಹಿರಿಮೆಯಿದ್ದರೂ ಅದಕ್ಕೊಂದು ಜಿಪುಣತನವಿದೆ. ಒಂದು ಸಲಕ್ಕೆ ಒಂದು ಕಣ್ಣಿಗೆ ಮಾತ್ರ ಅದು ದರ್ಶನ ಕೊಡುತ್ತದೆ. ಅದೂ ಮಹಡಿ ಹತ್ತಿ ಬಂದು, ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಲ್ಲಬಲ್ಲವರಿಗೆ. ಮೆಟ್ಟಿಲು ಹತ್ತಲಾರದವರ ಪಾಲಿಗೆ ಆ ಚಂದ್ರ ಇದ್ದೂ ಇಲ್ಲದಂತೆಯೇ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿರುವ ನಿವೃತ್ತ ಗಣಿತದ ಮೇಷ್ಟರಿಗೆ ಈ ಸಂಗತಿ ಮನಸ್ಸಿಗೆ ನಾಟಿದ್ದು ಒಂದು ಸಂಕಷ್ಟಿಯ ರಾತ್ರಿ. ಅವರ ತಾಯಿಗೆ 88 ವರ್ಷ. ಮದುವೆಯಾಗಿ ಬಂದಂದಿನಿಂದ ಸಂಕಷ್ಟಿಯ ಉಪವಾಸ ಬಿಟ್ಟವರಲ್ಲ. ಚಂದ್ರದರ್ಶನವಾಗದೆ ತುತ್ತು ಮುಟ್ಟಿದವರಲ್ಲ. ಈಗ ಮಂಡಿಗಳು ಸೋತಿವೆ. ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ನೆರೆಮನೆಯ ತೆಂಗಿನ ಗರಿಗಳ ಸಂದಿಯಲ್ಲಿ ಚಂದ್ರ ಇಣುಕುವವರೆಗೆ ಕಾಯುತ್ತಾರೆ. ಅಂದು ಮಗ ಮಹಡಿಯಿಂದಿಳಿದು ಬಂದು, ದೂರದರ್ಶಕದಲ್ಲಿ ಕಂಡ ಚಂದ್ರನ ಕುಳಿಗಳನ್ನೂ ಬೆಟ್ಟಗಳನ್ನೂ ಉತ್ಸಾಹದಿಂದ ಬಣ್ಣಿಸತೊಡಗಿದರು. ಆಕೆ ಪೂರ್ತಿಯಾಗಿ ಕೇಳಿದರು. "ಕಂಡವರು ನೀವು, ಪುಣ್ಯವಂತರಪ್ಪ" ಎಂದಷ್ಟೇ ಹೇಳಿ ಅರ್ಘ್ಯದ ಲೋಟವನ್ನು ಕೈಗೆತ್ತಿಕೊಂಡರು. ಆ ಮಾತಿನಲ್ಲಿ ದೂರು ಇರಲಿಲ್ಲ. ದೂರಿಲ್ಲದ ಮಾತೇ ಹೆಚ್ಚು ಚುಚ್ಚುವುದು.

ತಾಯಿಯನ್ನು ಮಹಡಿಗೆ ಒಯ್ಯುವುದು ಆಗದ ಕೆಲಸ. ಹಾಗಾದರೆ ಚಂದ್ರನನ್ನೇ ಕೆಳಗೆ ತರಬೇಕು.

ಸಾಮಗ್ರಿಗೆ ಕೊರತೆಯಿರಲಿಲ್ಲ. ದೂರದರ್ಶಕ ನ್ಯೂಟನ್ ಮಾದರಿಯದು; ಕೊಳವೆಯ ತಳದಲ್ಲಿ 130 ಮಿಲಿಮೀಟರ್ ಅಗಲದ ನಿಮ್ನ ದರ್ಪಣ, ಅದರ ನಾಭಿದೂರ 650 ಮಿಲಿಮೀಟರ್. ಮಗಳು ಹೊಸದನ್ನು ಕೊಂಡಾಗ ಬಿಟ್ಟುಹೋಗಿದ್ದ ಡಿಎಸ್ಎಲ್ಆರ್ ಕ್ಯಾಮರಾ ಬೀರುವಿನಲ್ಲಿತ್ತು. ಎರಡನ್ನೂ ಹತ್ತಿರ ಹಿಡಿದರಾಯಿತೆಂದು ಮೇಷ್ಟರು ಭಾವಿಸಿದರು. ನೇತ್ರಕ, ಎಂದರೆ ಕಣ್ಣಿಟ್ಟು ನೋಡುವ ಆ ಪುಟ್ಟ ಮಸೂರದ ನಳಿಗೆ, ಅದರ ಮುಂದೆ ಕ್ಯಾಮರಾದ ಲೆನ್ಸನ್ನು ಒಡ್ಡಿ ಗುಂಡಿ ಒತ್ತಿದರು. ದೊರೆತದ್ದು, ಕಪ್ಪು ಕಾಗದದ ಮೇಲೆ ಮಜ್ಜಿಗೆ ಚೆಲ್ಲಿದಂಥ ಒಂದು ಬಿಳಿಯ ಕಲೆ.

ಹೊಸಬರೆಲ್ಲ ಮೊದಲು ಎಡವುವ ಸ್ಥಳ ಇದೇ. ಎರಡು ಯಂತ್ರಗಳನ್ನು ಜೋಡಿಸಬೇಕಾದರೆ ಎರಡೂ ಏನನ್ನಾದರೂ ಬಿಟ್ಟುಕೊಡಬೇಕು. ಕ್ಯಾಮರಾ ತನ್ನ ಲೆನ್ಸನ್ನು ಕಳಚಬೇಕು. ದೂರದರ್ಶಕ ತನ್ನ ನೇತ್ರಕವನ್ನು ತೆಗೆಯಬೇಕು. ಆಗ ದೂರದರ್ಶಕವೇ ಕ್ಯಾಮರಾಕ್ಕೆ ಒಂದು ದೊಡ್ಡ ಲೆನ್ಸಾಗಿ ಪರಿಣಮಿಸಿ, ದರ್ಪಣ ಮೂಡಿಸಿದ ಬಿಂಬ ನೇರವಾಗಿ ಕ್ಯಾಮರಾದೊಳಗಿನ ಸಂವೇದಕದ ಮೇಲೆ ಬೀಳುತ್ತದೆ. ಈ ಸಂಬಂಧವನ್ನು ಕೂಡಿಸುವ ಪುರೋಹಿತನ ಹೆಸರು ಟಿ-ರಿಂಗ್. ಅದೊಂದು ಲೋಹದ ಬಳೆ. ಒಂದು ಮುಖ ಕ್ಯಾಮರಾದ ಬಾಯಿಗೆ ಲೆನ್ಸಿನಂತೆಯೇ ಕಚ್ಚಿಕೊಳ್ಳುತ್ತದೆ. ಆದುದರಿಂದ ಕ್ಯಾನನ್‌ಗೆ ಒಂದು, ನಿಕಾನ್‌ಗೆ ಇನ್ನೊಂದು. ಇನ್ನೊಂದು ಮುಖದಲ್ಲಿ 42 ಮಿಲಿಮೀಟರ್ ಅಗಲದ ತಿರುಪು. ಆ ತಿರುಪಿಗೆ ಒಂದು ಮೂಗುನಳಿಗೆಯನ್ನು ಸೇರಿಸಿ, ನೇತ್ರಕವಿದ್ದ ಜಾಗದಲ್ಲಿ ಅದನ್ನು ತೂರಿಸಿ ಬಿಗಿದರೆ ಕೆಲಸ ಮುಗಿಯಿತು.

ಮುಗಿಯಿತೆಂದು ಮೇಷ್ಟರೂ ತಿಳಿದರು. ಮರುವಾರ ಬಳೆ, ನಳಿಗೆ ಎರಡೂ ಬಂದವು. ಕ್ಯಾಮರಾ ಕೂಡಿಸಿ ಕೈಬಿಟ್ಟೊಡನೆ ಅರ್ಧ ಕಿಲೋಗ್ರಾಂಗೂ ಮಿಕ್ಕಿದ ಆ ಭಾರಕ್ಕೆ ಕೊಳವೆ ಸರ್ರನೆ ವಾಲಿತು. ಎದುರುತೂಕವನ್ನು ಸರಿಸಿ, ಕೊಳವೆಯನ್ನು ಹಿಡಿದ ಬಳೆಗಳನ್ನು ಸಡಿಲಿಸಿ ಹಿಂದಕ್ಕೆಳೆದು, ತಕ್ಕಡಿಯಂತೆ ಸಮತೂಕಕ್ಕೆ ತರುವುದರಲ್ಲಿ ಅರ್ಧ ಗಂಟೆ ಕಳೆಯಿತು. ಬಳಿಕ ನಾಭಿಯ ತಿರುಗಣೆಯನ್ನು ಒಳಕ್ಕೆ ತಿರುಗಿಸುತ್ತ ಹೋದರು. ಕ್ಯಾಮರಾದ ಪರದೆಯ ಮೇಲೆ ಚಂದ್ರ ದೊಡ್ಡ ಮಸುಕಿನಿಂದ ಚಿಕ್ಕ ಮಸುಕಾದ, ಅಂಚು ಮೂಡತೊಡಗಿತು, ಇನ್ನೇನು ಸ್ಪಷ್ಟವಾಗಬೇಕು ಎನ್ನುವಷ್ಟರಲ್ಲಿ ತಿರುಗಣೆ ನಿಂತುಹೋಯಿತು. ಇನ್ನು ಒಳಕ್ಕೆ ಜಾಗವಿಲ್ಲ. ಬೆರಳಗಲದ ಅಂತರದಲ್ಲಿ ಕೈಗೆ ಬಂದ ಚಂದ್ರ ಬಾಯಿಗೆ ಬರಲಿಲ್ಲ.

ಆ ರಾತ್ರಿ ಮೇಷ್ಟರು ತಮ್ಮನ್ನೇ ಶಪಿಸಿಕೊಂಡರು. ತಪ್ಪು ಅವರದಾಗಿರಲಿಲ್ಲ. ಕಣ್ಣಿಗೆಂದು ಕಟ್ಟಿದ ನ್ಯೂಟನ್ ದೂರದರ್ಶಕಗಳಲ್ಲಿ ಬಿಂಬ ಕೊಳವೆಯಿಂದ ಹೊರಗೆ ಸ್ವಲ್ಪವೇ ದೂರದಲ್ಲಿ ಮೂಡುತ್ತದೆ. ನೇತ್ರಕಕ್ಕೆ ಅಷ್ಟು ಸಾಕು. ಆದರೆ ಕ್ಯಾಮರಾದ ಸಂವೇದಕ ಹೊರಬಾಗಿಲಲ್ಲಿ ಕುಳಿತಿರುವುದಿಲ್ಲ. ಟಿ-ರಿಂಗಿನ ಮುಖದಿಂದ 55 ಮಿಲಿಮೀಟರ್ ಹಿಂದೆ, ನಡುಮನೆಯಲ್ಲಿ ಕುಳಿತಿರುತ್ತದೆ. ಬಿಂಬ ಅಲ್ಲಿಯವರೆಗೆ ತಲಪುವುದೇ ಇಲ್ಲ. ಉಪಾಯ ಎರಡು. ತಳದ ದರ್ಪಣವನ್ನೇ ಮೇಲಕ್ಕೆ ಸರಿಸುವುದು ಒಂದು. ಹೊಸಬರ ಕೈಗೆ ಅದು ಅಪಾಯದ ಕೆಲಸ. ಬಾರ್ಲೋ ಮಸೂರವನ್ನು ನಡುವೆ ಇಡುವುದು ಇನ್ನೊಂದು. ಈ ಮಸೂರ ಕೂಡಿಬರುವ ಕಿರಣಗಳನ್ನು ಸ್ವಲ್ಪ ಅಗಲಿಸಿ, ಬಿಂಬವನ್ನು ಇನ್ನಷ್ಟು ಹೊರಕ್ಕೆ ತಳ್ಳುತ್ತದೆ. ಕೆಲವು ಬಾರ್ಲೋಗಳ ತಲೆಯ ಮೇಲೆಯೇ ಟಿ-ರಿಂಗ್ ಕೂರುವ ತಿರುಪಿರುತ್ತದೆ.

ಇಲ್ಲಿ ಮೇಷ್ಟರ ಗಣಿತ ಎಚ್ಚೆತ್ತಿತು. ಸಂವೇದಕದ ಮೇಲೆ ಬೀಳುವ ಚಂದ್ರಬಿಂಬದ ಅಗಲ, ನಾಭಿದೂರದ ಸುಮಾರು 110ನೇ ಒಂದು ಪಾಲು. 650 ಮಿಲಿಮೀಟರಿಗೆ ಸುಮಾರು 6 ಮಿಲಿಮೀಟರ್, ತೊಗರಿಕಾಳಿನಷ್ಟು ಚಂದ್ರ. ಬಾರ್ಲೋ ನಾಭಿದೂರವನ್ನು ಇಮ್ಮಡಿಗೊಳಿಸಿದರೆ ಸುಮಾರು 12 ಮಿಲಿಮೀಟರ್. ಕ್ಯಾಮರಾದ ಸಂವೇದಕವೋ 22 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲ. ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಚಂದ್ರ ಅದರೊಳಗೆ ಹಿಡಿಯುತ್ತಾನೆ! ಬರಿಯ ಊರುಗೋಲೆಂದು ಬಂದ ಬಾರ್ಲೋ ಉಡುಗೊರೆಯನ್ನೂ ತಂದಿತ್ತು.

ಅದು ಬಂದ ಮೇಲೆ ಮೋಡ ಕವಿಯಿತು. ಹತ್ತು ದಿನ ಆಕಾಶ ಕಣ್ಣು ಬಿಡಲಿಲ್ಲ. ತಾಯಿಗೆ ಆ ವಾರ ಜ್ವರ ಬಂತು, ಇಳಿಯಿತು, ಆದರೆ ಕುರ್ಚಿಯವರೆಗೆ ನಡೆಯಲೂ ಕೈಹಿಡಿಯಬೇಕಾಯಿತು. ಮೇಷ್ಟರು ದಿನಕ್ಕೆ ನಾಲ್ಕು ಸಲ ಮಹಡಿಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ಕಾಯುವವರಿಗೆ ಹಿಂದಿನವರ ತಾಳ್ಮೆಯೇ ಆಧಾರ. 1840ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ವಿಲಿಯಂ ಡ್ರೇಪರ್ ಬೆಳ್ಳಿಯ ತಗಡಿನ ಮೇಲೆ ಚಂದ್ರನನ್ನು ಮೂಡಿಸಿದಾಗ ಸುಮಾರು 20 ನಿಮಿಷ ಬೆಳಕು ಊಡಬೇಕಾಯಿತು. ಅವನ ಮಗ ಹೆನ್ರಿ ಡ್ರೇಪರ್ 1880ರಲ್ಲಿ ಮಹಾವ್ಯಾಧ ಪುಂಜದ ನೀಹಾರಿಕೆಯ ಮೊದಲ ಛಾಯಾಚಿತ್ರ ತೆಗೆದದ್ದು ಸುಮಾರು 51 ನಿಮಿಷಗಳಲ್ಲಿ. ತಂದೆ ತೆರೆದ ಬಾಗಿಲನ್ನು ಮಗ ಇನ್ನಷ್ಟು ದೂಡಿದ.

ಈ ನಡುವೆ ಎದುರುಮನೆಯ ಹುಡುಗ ಬಂದು, "ರಾತ್ರಿ ಮೋಡ ಇದ್ದರೇನು ಮೇಷ್ಟ್ರೇ, ಹಗಲು ಸೂರ್ಯನನ್ನು ಹಿಡಿಯೋಣ" ಎಂದ. ಎಂದೂ ಗದರದ ಮೇಷ್ಟರು ಅಂದು ಗದರಿದರು. ಕೊಳವೆಯ ಮುಂಬಾಯಿಗೆ ಸೂರ್ಯನಿಗೆಂದೇ ಮಾಡಿದ ಶೋಧಕವನ್ನು ಭದ್ರವಾಗಿ ಕಟ್ಟದೆ ಅತ್ತ ತಿರುಗಿಸಿದರೆ ಕ್ಷಣಮಾತ್ರದಲ್ಲಿ ಕಣ್ಣೂ ಹೋದೀತು, ಕ್ಯಾಮರಾವೂ ಹೋದೀತು.

ಕೊನೆಗೆ ಶುಕ್ಲಪಕ್ಷದ ಅಷ್ಟಮಿಯಂದು ಸಂಜೆ ಆಕಾಶ ತೊಳೆದಿಟ್ಟಂತಾಯಿತು. ಅರ್ಧಚಂದ್ರ ನೆತ್ತಿಯ ಬಳಿಯಿದ್ದ. ಮೇಷ್ಟರು ಪರದೆಯ ಮೇಲಿನ ಬಿಂಬವನ್ನು ಹತ್ತು ಪಟ್ಟು ಹಿಗ್ಗಿಸಿ, ಒಂದು ಕುಳಿಯ ಅಂಚು ಚಾಕುವಿನ ಅಲಗಿನಂತಾಗುವವರೆಗೆ ತಿರುಗಣೆಯನ್ನು ಕೂದಲೆಳೆಯಷ್ಟೇ ಆಡಿಸಿದರು. ಐಎಸ್ಓ 400, ಬೆಳಕಿನ ಅವಧಿ ಸೆಕೆಂಡಿನ 125ನೇ ಒಂದು ಭಾಗ. ಬೆರಳು ತಾಗಿದರೂ ನಡುಗುವ ಕೊಳವೆಯಾದುದರಿಂದ ಗುಂಡಿ ಒತ್ತಿ ಎರಡು ಸೆಕೆಂಡಿನ ಬಳಿಕ ತಾನೇ ತೆರೆದುಕೊಳ್ಳುವಂತೆ ಕ್ಯಾಮರಾವನ್ನು ಅಣಿಗೊಳಿಸಿ, ಕೈಕಟ್ಟಿ ನಿಂತರು. ಗಾಳಿಯ ಅಲೆಗಳಲ್ಲಿ ಚಂದ್ರ ನೀರಿನ ತಳದ ನಾಣ್ಯದಂತೆ ತುಳುಕುತ್ತಿದ್ದ. 40 ಚಿತ್ರ ತೆಗೆದರು. ಮೂರು ಮಾತ್ರ ಚೆನ್ನಾಗಿ ಬಂದವು. ಮೂರು ಸಾಕಾಗಿತ್ತು.

ಮರುದಿನ ಸ್ಟುಡಿಯೋದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ತಂದು ತಾಯಿಯ ಮಡಿಲಲ್ಲಿಟ್ಟರು. ಆಕೆ ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡರು. ಕ್ಯಾಮರಾ ಓರೆಯಾಗಿ ಕೂತಿದ್ದುದರಿಂದ ಚಂದ್ರನೂ ಓರೆಯಾಗಿದ್ದ. ಯಾರೂ ಹೇಳದೆಯೇ ಕಾಗದವನ್ನು ತಿರುಗಿಸಿ ಸರಿಮಾಡಿಕೊಂಡರು. ಬೆಳಕೂ ಕತ್ತಲೂ ಕೂಡುವ ಗೆರೆಯ ಮೇಲೆ ಬೆರಳು ನಿಂತಿತು.

"ಇದೇನೋ ಇದು, ಸಿಡುಬಿನ ಕಲೆಯ ಹಾಗೆ?"

"ಅವೇ ಅಮ್ಮ ಕುಳಿಗಳು. ಅಲ್ಲಿ ಈಗ ಸೂರ್ಯೋದಯ. ಅದಕ್ಕೇ ನೆರಳು ಉದ್ದ. ಈ ದೊಡ್ಡದಕ್ಕೆ ಟಾಲೆಮಿಯ ಹೆಸರು. ಅಗಲ 150 ಕಿಲೋಮೀಟರ್. ಇಲ್ಲಿಂದ ಬೆಂಗಳೂರಿಗೆ ಹೋದಷ್ಟು."

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟು ಸಂಕಷ್ಟಿಗಳ ಚಂದ್ರನನ್ನು ಹುಡುಕುವವರಂತೆ ಕಾಗದದ ಅಂಚಿನಿಂದ ಅಂಚಿಗೆ ಕಣ್ಣಾಡಿಸಿದರು. ಬಳಿಕ ಕೇಳಿದರು:

"ಮೊಲವೆಲ್ಲಿ?"

"ಮಿಕ್ಕರ್ಧ ಇನ್ನೂ ಕತ್ತಲಲ್ಲಿದೆ. ಮೊಲ ಪೂರ್ತಿ ಕಾಣಬೇಕಾದರೆ ಹುಣ್ಣಿಮೆಯಾಗಬೇಕು."

"ಹುಣ್ಣಿಮೆಗೆ ಇನ್ನೆಷ್ಟು ದಿನ?"

"ಆರು."

ತಾಯಿ ಮನಸ್ಸಿನಲ್ಲೇ ಏನನ್ನೋ ಲೆಕ್ಕ ಹಾಕಿದಂತೆ ತೋರಿತು. "ಆರು ದಿನ ತಾನೆ? ಇರುತ್ತೇನೆ. ನೀನು ಯಂತ್ರ ಸರಿಯಾಗಿಟ್ಟುಕೊ" ಎಂದರು.

ಮೇಷ್ಟರು ಮಹಡಿಗೆ ಹೋಗಿ, ಆಗಲೇ ಮುಚ್ಚಿಟ್ಟಿದ್ದ ದೂರದರ್ಶಕದ ಬಟ್ಟೆಯನ್ನು ತೆಗೆದು, ಎಲ್ಲ ತಿರುಪುಗಳನ್ನೂ ಮತ್ತೊಮ್ಮೆ ಬಿಗಿಮಾಡಿದರು.