ಪ್ರಿಂಟ್‌ಎಫ್ ತೆಗೆದರೆ ನಿಲ್ಲುವ ಪ್ರೋಗ್ರಾಂ

ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್. ನಾಲ್ಕು ಜನರ ಟೀಮು. ಒಂದು ಥ್ರೆಡ್ ಸೆನ್ಸರ್ ರೀಡಿಂಗನ್ನು ಬಫರಿಗೆ ತುಂಬಿ, 'ರೆಡಿ' ಅನ್ನೋ ಗ್ಲೋಬಲ್ ಫ್ಲ್ಯಾಗನ್ನು 1 ಮಾಡಬೇಕು. ಇನ್ನೊಂದು ಥ್ರೆಡ್ ವೈಲ್ ಲೂಪಿನಲ್ಲಿ ಆ ಫ್ಲ್ಯಾಗನ್ನೇ ಕಾಯ್ತಾ ಕೂತಿರುತ್ತೆ. ಇಷ್ಟೇ.

ಡೆಮೊ ಹಿಂದಿನ ರಾತ್ರಿ, ಸ್ಪೀಡ್ ಬರಲಿ ಅಂತ ಮೈನಸ್ ಓ2 ಹಾಕಿ ಕಂಪೈಲ್ ಮಾಡಿದೆವು. ಪ್ರೋಗ್ರಾಂ ನಿಂತೇಬಿಡ್ತು. ಎಲ್ಲಿ ನಿಂತಿದೆ ನೋಡೋಣ ಅಂತ ಲೂಪಿನೊಳಗೆ ಒಂದು ಪ್ರಿಂಟ್‌ಎಫ್ ಹಾಕಿದರೆ ಓಡುತ್ತೆ, ತೆಗೆದರೆ ನಿಲ್ಲುತ್ತೆ!

ಥ್ರೆಡ್ ಭಾಗ ಬರೆದವನು ನಮ್ಮಲ್ಲೇ ಕಡಿಮೆ ಮಾತಿನವನು. ಉಳಿದ ಮೂವರೂ ಅವನ ಮೇಲೆ ಹರಿಹಾಯ್ದೆವು. "ಏನೋ ಎಡವಟ್ಟು ಮಾಡಿದೀಯ, ಸರಿಯಾಗಿ ನೋಡೋ" ಅಂತ ಮೂರು ಸಲ ಬರೆಸಿದೆವು. ಮೂರು ಸಲವೂ ಅದೇ ಕಥೆ. ಕೊನೆಗೆ ಪ್ರಿಂಟ್‌ಎಫ್ ಬಿಟ್ಟುಕೊಂಡೇ ಡೆಮೊ ಕೊಟ್ಟು ಮಾರ್ಕ್ಸ್ ತಗೊಂಡ್ವಿ.

ರಜೆಯಲ್ಲಿ ಅಸೆಂಬ್ಲಿ ತೆಗೆದು ನೋಡಿದಾಗ ವಿಷಯ ಗೊತ್ತಾಯಿತು. 'ರೆಡಿ' ಬರೀ ಇಂಟ್. ಸಾಮಾನ್ಯ ವೇರಿಯಬಲನ್ನು ಬೇರೆ ಥ್ರೆಡ್ ಅದೇ ಹೊತ್ತಿಗೆ ಬದಲಾಯಿಸುವುದಿಲ್ಲ ಅಂತ ಕಂಪೈಲರ್ ನಂಬಬಹುದು. ಸಿ ಭಾಷೆಯ ನಿಯಮವೇ ಹಾಗಿದೆ. ಲೂಪಿನೊಳಗೆ ಅದನ್ನು ಯಾರೂ ಮುಟ್ಟುತ್ತಿಲ್ಲವಲ್ಲ, ಹಾಗಾಗಿ ಒಂದೇ ಸಲ ಓದಿ, 0 ಇದ್ದರೆ ಕೊನೆಯಿಲ್ಲದೆ ಸುತ್ತುವ ಹಾಗೆ ಮಾಡಿತ್ತು. ಪ್ರಿಂಟ್‌ಎಫ್ ಇದ್ದರೆ? ಅದು ಹೊರಗಿನ ಫಂಕ್ಷನ್, ಗ್ಲೋಬಲನ್ನು ಬದಲಾಯಿಸಿದರೂ ಬದಲಾಯಿಸೀತು ಅಂತ ಪ್ರತಿ ಸುತ್ತೂ ಮತ್ತೆ ಓದುತ್ತಿತ್ತು.

ವೊಲಟೈಲ್ ಹಾಕಿದೆವು. ಲ್ಯಾಪ್‌ಟಾಪಿನಲ್ಲಿ ಸರಿಹೋಯ್ತು. ರಾಸ್ಪ್‌ಬೆರಿ ಪೈನಲ್ಲಿ ಆಗಾಗ ಹಳೇ ರೀಡಿಂಗ್! ವೊಲಟೈಲ್ ಪ್ರತಿ ಸಲ ಓದಿಸುತ್ತೆ ನಿಜ, ಆದರೆ ಬಫರ್ ತುಂಬಿದ ಮೇಲೇ ಫ್ಲ್ಯಾಗ್ ಕಾಣಬೇಕು ಅನ್ನೋ ಕ್ರಮವನ್ನು ಕಾಯಲ್ಲ. ಎಕ್ಸ್86 ಪ್ರೊಸೆಸರ್ ಬರಹಗಳ ಕ್ರಮ ಕೆಡಿಸುವುದಿಲ್ಲ, ಆರ್ಮ್ ಕೆಡಿಸಬಹುದು.

ಮದ್ದು 2011ರ ಸ್ಟ್ಯಾಂಡರ್ಡಿನಲ್ಲೇ ಇತ್ತು: ಅಟಾಮಿಕ್. ಬರೆಯುವಾಗ ರಿಲೀಸ್, ಓದುವಾಗ ಅಕ್ವೈರ್. ರಿಲೀಸಿಗಿಂತ ಮೊದಲಿನ ಕೆಲಸ ಅದನ್ನು ದಾಟಿ ಕೆಳಗೆ ಬರುವಂತಿಲ್ಲ. ಅಕ್ವೈರ್ ನಂತರದ್ದು ಅದನ್ನು ದಾಟಿ ಮೇಲೆ ಹೋಗುವಂತಿಲ್ಲ. ಎಕ್ಸ್86ನಲ್ಲಿ ರಿಲೀಸ್ ಅಂದರೆ ಮಾಮೂಲಿ ಮೂವ್ ಅಷ್ಟೇ; 64 ಬಿಟ್ ಆರ್ಮ್‌ನಲ್ಲಿ ಅದಕ್ಕೆಂದೇ ಎಸ್‌ಟಿಎಲ್‌ಆರ್ ಇದೆ.

ಹಾಗಂತ ಅಟಾಮಿಕ್ ಕಂಡ ಕೂಡಲೇ ಕಂಪೈಲರ್ ಕೈಕಟ್ಟಿ ಕೂರಬೇಕಿಲ್ಲ. ಎದುರು ದಿಕ್ಕಿಗೆ ಸರಿಸಲು ಅನುಮತಿ ಇದೆ. ಒಂದೇ ಅಟಾಮಿಕ್ಕಿಗೆ ಬೆನ್ನುಬೆನ್ನಿಗೆ ಎರಡು ಸಲ ಬರೆದರೆ ಒಂದಾಗಿಸಲೂಬಹುದು. ಪ್ರೋಗ್ರೆಸ್ ಬಾರ್ 1, 2, 3 ಅಂತ ಏರುವ ಬದಲು ಕೊನೆಗೆ ಒಮ್ಮೆಲೇ 100 ತೋರಿಸಿದರೂ ನಿಯಮ ಮುರಿದಂತಲ್ಲ. ಹೀಗೆ ಆದೀತು ಅಂತಲೇ ಜಿಸಿಸಿ, ಕ್ಲ್ಯಾಂಗ್‌ನಂಥವು ಈ ವಿಷಯದಲ್ಲಿ ಬಹುಮಟ್ಟಿಗೆ ಕೈ ಬಿಗಿಹಿಡಿದಿವೆ.

ಅಂದಹಾಗೆ 'ಇಂಟ್ ರೆಡಿ' ಅಂತ ಬರೆದಿದ್ದ ಹೆಡರ್ ಫೈಲು ಅವನದಲ್ಲ, ನಮ್ಮದು. ಅವನು ಮೂರು ಸಲ ಬರೆದಾಗಲೂ ನಾವು ಆ ಫೈಲನ್ನು ತೆರೆದೇ ನೋಡಿರಲಿಲ್ಲ. ನಮ್ಮ ಕೋಡಿನಲ್ಲಿ ತಪ್ಪಿರಲ್ಲ ಅಂತ ನಂಬಿಕೊಂಡಿದ್ವಿ, ಕಂಪೈಲರಿನ ಹಾಗೆ. ಕಂಪೈಲರಿಗಾದರೂ ಹಾಗೆ ನಂಬೋಕೆ ಒಂದು ನಿಯಮ ಇತ್ತು.

ಸಾರಿ ಕಣೋ.