ನಕ್ಷೆಯಲ್ಲಿದ್ದ ಊರು

ಕೊಡಗಿನಲ್ಲಿ ಇಂದಿಗೂ ಹೇಳುವ ಒಂದು ಪ್ರಸಂಗವಿದೆ. 1965ರ ಯುದ್ಧ ಮುಗಿಯಲು ಇನ್ನೇನು ಒಂದು ದಿನ ಇದೆ ಎನ್ನುವಾಗ ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಕೆ.ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದ ಸೈನಿಕರ ಕೈಗೆ ಸಿಕ್ಕಿಬಿದ್ದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ತಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟುಕೊಡುತ್ತೇವೆ ಎಂಬ ಮಾತು ಬಂದಾಗ ಆ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ತಮ್ಮ ಮಕ್ಕಳೇ, ಎಲ್ಲರನ್ನೂ ಒಂದೇ ಸಮನಾಗಿ ನೋಡಿಕೊಳ್ಳಿ ಎಂದುಬಿಟ್ಟರು.

ಆ 'ಎಲ್ಲರೂ' ಎಂಬ ಮಾತಿನೊಳಗೆ ಯಾರು ಯಾರಿದ್ದರು, ಸೆರೆಯಲ್ಲಿ ಅವರ ದಿನಗಳು ಹೇಗೆ ಕಳೆಯುತ್ತಿದ್ದವು ಎನ್ನುವುದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಂಥ ಸೆರೆಯ ಒಂದು ಕತೆ ನಡೆದದ್ದು ಮುಂದಿನ ಯುದ್ಧದಲ್ಲಿ, 1971ರಲ್ಲಿ.

ಫ್ಲೈಟ್ ಲೆಫ್ಟಿನೆಂಟ್ ದಿಲೀಪ್ ಪಾರೂಲ್ಕರ್ ವಾಯುಪಡೆಯಲ್ಲಿ ಮೊದಲೇ ಹೆಸರು ಮಾಡಿದ್ದ ಹುಡುಗ. 1965ರಲ್ಲಿ ಗುಂಡೇಟು ತಗಲಿದ ಭುಜದಲ್ಲೇ ವಿಮಾನವನ್ನು ನೆಲೆಗೆ ವಾಪಸು ತಂದು ಇಳಿಸಿದ್ದರು. 'ಎಂದಾದರೂ ಸೆರೆಸಿಕ್ಕರೆ ತಪ್ಪಿಸಿಕೊಂಡೇ ತೀರುತ್ತೇನೆ' ಎಂದು ತಮ್ಮ ಮೇಲಧಿಕಾರಿಗೆ ಹೇಳಿಯೂ ಇದ್ದರಂತೆ. 1971ರ ಡಿಸೆಂಬರ್ 10ರಂದು ಅವರ ಸುಖೋಯ್-7 ವಿಮಾನ ಹೊಡೆತಕ್ಕೆ ಸಿಕ್ಕಿತು. ಪ್ಯಾರಾಚೂಟಿನಲ್ಲಿ ಇಳಿದದ್ದು ಪಾಕಿಸ್ತಾನದ ನೆಲದ ಮೇಲೆ.

ರಾವಲ್ಪಿಂಡಿಯ ಶಿಬಿರದಲ್ಲಿ ಅವರಂತೆ ಒಟ್ಟು ಹನ್ನೆರಡು ಮಂದಿ ವೈಮಾನಿಕರು ಸೇರಿದರು. ಮೊದಲು ಒಬ್ಬೊಬ್ಬರನ್ನೂ ಬೇರೆಬೇರೆ ಕೋಣೆಯಲ್ಲಿ ಕೂಡಿಹಾಕಿದ್ದರು. ಕ್ರಿಸ್‌ಮಸ್ ದಿನ ಶಿಬಿರದ ಮುಖ್ಯಾಧಿಕಾರಿ ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಹಮೀದ್ ಕೇಕ್ ತರಿಸಿ ಎಲ್ಲರನ್ನೂ ಒಂದೆಡೆ ಸೇರಿಸಿದರು. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎಂಬುದೇ ಅಲ್ಲಿಯವರೆಗೆ ಅವರಿಗೆ ತಿಳಿದಿರಲಿಲ್ಲ.

1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿ ಅಪರಾಧಿಯಲ್ಲ. ಅವನಿಗೆ ಊಟ, ಔಷಧ, ಮನೆಗೆ ಕಾಗದ ಬರೆಯುವ ಹಕ್ಕು, ಕೈಖರ್ಚಿಗೆ ಸ್ವಲ್ಪ ಹಣ ಕೊಡಬೇಕು. ರಾವಲ್ಪಿಂಡಿಯಲ್ಲಿ ತಿಂಗಳಿಗೆ 57 ರೂಪಾಯಿ ಸಿಗುತ್ತಿತ್ತು. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇದೆ. ಕೈದಿ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದರೆ ಶಿಸ್ತಿನ ಕ್ರಮವಾಗಿ ಹೆಚ್ಚೆಂದರೆ 30 ದಿನ ಶಿಕ್ಷೆ ಕೊಡಬಹುದು, ಅಷ್ಟೆ. ಆದರೆ ಓಡುವಾಗ ಕಾವಲುಗಾರ ಹಾರಿಸುವ ಗುಂಡಿಗೆ ಒಪ್ಪಂದದ ಓದು ಗೊತ್ತಿರುವುದಿಲ್ಲವಲ್ಲ.

1972ರ ಜುಲೈ 2ರಂದು ಸಿಮ್ಲಾ ಒಪ್ಪಂದವಾಯಿತು. ಕೈದಿಗಳ ಬಿಡುಗಡೆ ಎಂದು ಎಂಬುದು ಅದರಲ್ಲಿ ಇರಲಿಲ್ಲ. ದಿನ ಎಣಿಸುತ್ತ ಕೂರುವುದು ಪಾರೂಲ್ಕರ್ ಜಾಯಮಾನವಲ್ಲ. ಎಂ.ಎಸ್. ಗ್ರೇವಾಲ್ ಮತ್ತು ಹರೀಶ್ ಸಿಂಹಜಿ ಅವರ ಜತೆಗೂಡಿದರು. ಹಗಲೆಲ್ಲ ಇಸ್ಪೀಟು, ಹರಟೆ. ರಾತ್ರಿಯಾದರೆ ಗೋಡೆಯ ಗಾರೆ ಕೆರೆದು ಒಂದೊಂದೇ ಇಟ್ಟಿಗೆ ಸಡಿಲಿಸುವ ಕೆಲಸ. ಸಿಕ್ಕ ಸಣ್ಣಪುಟ್ಟ ಸಾಮಾನುಗಳೇ ಹಾರೆ ಪಿಕಾಸಿ. ಪುಡಿಯಾದ ಗಾರೆ ಯಾರ ಕಣ್ಣಿಗೂ ಬೀಳದ ಹಾಗೆ ಮಂಚದ ಕೆಳಗೆ ಸೇರುತ್ತಿತ್ತು.

ಹೊರಗೆ ಹೋಗುವವರು ಮೂವರೇ ಆದರೂ ಕೆಲಸ ಅವರದಷ್ಟೇ ಆಗಿರಲಿಲ್ಲ. ಎರಡೂ ಕಾಲು ಮುರಿದುಕೊಂಡಿದ್ದ ಕಾಮತ್ ಓಡುವ ಹಾಗಿರಲಿಲ್ಲ. ಅವರು ಕೂತಲ್ಲೇ, ವೈಮಾನಿಕರು ತೊಡುವ ಜಿ-ಸೂಟಿನ ರಬ್ಬರ್ ಚೀಲ ಕತ್ತರಿಸಿ ನೀರು ಒಯ್ಯುವ ಚೀಲ ಮಾಡಿಕೊಟ್ಟರು. ಸೂಜಿಗೆ ಅಯಸ್ಕಾಂತದ ಗುಣ ಬರಿಸಿ ದಿಕ್ಸೂಚಿ ಸಿದ್ಧವಾಯಿತು. ದಾರಿ ತೋರಿಸಲು ಇದ್ದದ್ದು ಶಾಲಾ ಮಕ್ಕಳ ಅಟ್ಲಾಸ್. ತಾನು ಹೋಗಲಾರೆ ಎಂದು ಗೊತ್ತಿದ್ದೂ ಹೋಗುವವರಿಗಾಗಿ ಹೊಲಿಯುತ್ತ ಕೂರುವುದಕ್ಕೆ ಬೇರೆಯದೇ ಧೈರ್ಯ ಬೇಕು.

ಪೂರ್ವಕ್ಕೆ ಹೋದರೆ ಭಾರತದ ಗಡಿ. ಆದರೆ ಅಲ್ಲಿ ಎರಡೂ ಕಡೆಯ ಸೈನ್ಯ, ನೆಲದೊಳಗೆ ಸಿಡಿಗುಂಡು. ಪಶ್ಚಿಮಕ್ಕೆ ಹೋದರೆ ಪೆಶಾವರ, ಖೈಬರ್ ಕಣಿವೆ, ಆಚೆಗೆ ಅಫಘಾನಿಸ್ತಾನ. ಅಪಾಯ ಕಡಿಮೆ ಎಂದು ಮೂವರೂ ಪಶ್ಚಿಮವನ್ನೇ ಆರಿಸಿಕೊಂಡರು.

ಆಗಸ್ಟ್ 12ರ ಶನಿವಾರ ರಾತ್ರಿ ಗಾಳಿ ಮಳೆ ಎದ್ದಿತು. ಮುಂದೆ ಭಾನುವಾರ, ಅದರ ಮರುದಿನ ಪಾಕಿಸ್ತಾನದ ಸ್ವಾತಂತ್ರ್ಯ ದಿನ. ಇಂಥ ಗಳಿಗೆ ಮತ್ತೆ ಬಾರದು. ನಡುರಾತ್ರಿಯ ಹೊತ್ತಿಗೆ ಮೂವರೂ ಗೋಡೆಯ ಕಂಡಿಯಿಂದ ತೂರಿ ಹೊರಬಿದ್ದರು. ಆಗಷ್ಟೇ ಸಿನಿಮಾ ಬಿಟ್ಟು ಜನ ಮನೆಗೆ ಹೊರಟಿದ್ದರು. ಆ ಗುಂಪಿನಲ್ಲಿ ಇವರೂ ಮೂವರು. ಬಸ್ ನಿಲ್ದಾಣ, ಪೆಶಾವರದ ಬಸ್ಸು, ಅಲ್ಲಿಂದ ಟಾಂಗಾ, ಮತ್ತೆ ಬಸ್ಸು. ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಲಂಡಿ ಕೋತಲ್ ತಲುಪಿದ್ದರು. ಗಡಿಗೆ ಉಳಿದದ್ದು ನಾಲ್ಕೈದು ಮೈಲಿ ಮಾತ್ರ.

ದಡ ಮುಟ್ಟುವ ಹೊತ್ತಿಗೆ ದೋಣಿ ತಿರುಗಿತು. ಅಟ್ಲಾಸಿನಲ್ಲಿ ರೈಲು ಹಳಿ ಲಂಡಿ ಕೋತಲ್ ದಾಟಿ ಲಂಡಿ ಖಾನಾ ಎಂಬ ನಿಲ್ದಾಣಕ್ಕೆ ಹೋಗುತ್ತಿತ್ತು. ಗಡಿಗೆ ತೀರ ಹತ್ತಿರದ ಜಾಗ ಅದು. 'ಲಂಡಿ ಖಾನಾಕ್ಕೆ ಹೇಗೆ ಹೋಗುವುದು?' ಎಂದು ಇವರು ಕೇಳಿದರು. ಆ ಸಾಲಿನ ರೈಲು ನಿಂತದ್ದು 1932ರಲ್ಲಿ. ಸ್ಥಳೀಯರು ಮರೆತೇಬಿಟ್ಟಿದ್ದ ಹೆಸರದು. ಪಕ್ಕದಲ್ಲಿದ್ದ ತಹಸೀಲ್ದಾರರ ಕಚೇರಿಯ ಗುಮಾಸ್ತನ ಕಿವಿ ನೆಟ್ಟಗಾಯಿತು. ಬಾಂಗ್ಲಾದೇಶ ಹುಟ್ಟಿದ ಮೇಲೆ ಪಾಕಿಸ್ತಾನದಲ್ಲಿ ಸಿಕ್ಕಿಕೊಂಡಿದ್ದ ಬಂಗಾಳಿಗಳು ಇದೇ ದಾರಿಯಲ್ಲಿ ನುಸುಳಿ ಹೋಗುತ್ತಿದ್ದರು. ಇವರೂ ಅವರೇ ಇರಬೇಕೆಂದು ಹಿಡಿಸಿದ.

ತಾವು ಪಾಕಿಸ್ತಾನದ ವಾಯುಪಡೆಯವರು ಎಂದು ಬೇರೆ ಹೆಸರು ಹೇಳಿದರೂ ತಹಸೀಲ್ದಾರರು ನಂಬಲಿಲ್ಲ. ಆ ಕಾಡುಗಡಿಯಲ್ಲಿ ಅನುಮಾನಕ್ಕೆ ಸಿಕ್ಕವರ ಪಾಡು ಏನಾಗುತ್ತದೋ ಹೇಳುವಂತಿರಲಿಲ್ಲ. ಪಾರೂಲ್ಕರ್‌ಗೆ ಆಗ ಹೊಳೆದ ಹೆಸರು ಉಸ್ಮಾನ್ ಹಮೀದ್. ಅವರು ಶಿಬಿರ ಬಿಟ್ಟು ವಾಯುಪಡೆಯ ಮುಖ್ಯಸ್ಥರ ಕಚೇರಿ ಸೇರಿದ್ದರು. ದೂರವಾಣಿಯಲ್ಲಿ ವಿಷಯ ಅರ್ಥ ಮಾಡಿಕೊಂಡ ಉಸ್ಮಾನ್, ಅವರು ನಮ್ಮವರೇ, ಕೈ ಮಾಡಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ ಎಂದು ತಹಸೀಲ್ದಾರರಿಗೆ ತಿಳಿಸಿದರು. ಸೆರೆಯಿಟ್ಟವನೇ ಜೀವ ಉಳಿಸಿದ.

ಮುಂದೆ ಏಕಾಂತ ಸೆರೆ, ಆಮೇಲೆ ಲಾಯಲ್‌ಪುರದ ಜೈಲು. ಆ ಊರಿಗೆ ಈಗ ಫೈಸಲಾಬಾದ್ ಎಂದು ಹೆಸರು. ಹಿಂದೆ ಉಳಿದಿದ್ದ ಗೆಳೆಯರಿಗೂ ಅದರ ಬಿಸಿ ತಟ್ಟಿತು. ಅವರನ್ನೂ ಅಲ್ಲಿಗೇ ಸಾಗಿಸಿದರು. 1972ರ ಡಿಸೆಂಬರ್ 1ರಂದು ಎಲ್ಲರೂ ವಾಘಾ ಗಡಿ ದಾಟಿ ಭಾರತಕ್ಕೆ ಬಂದರು.

ಮೂರೂವರೆ ತಿಂಗಳು ಸುಮ್ಮನಿದ್ದಿದ್ದರೆ ಹೇಗೂ ಬಿಡುಗಡೆಯಾಗುತ್ತಿತ್ತಲ್ಲ, ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಕೇಳುವುದು ಸುಲಭ. ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಎಲ್ಲರಿಗೂ ಗೊತ್ತಿರುತ್ತದೆ. ಆಗಸ್ಟ್ ತಿಂಗಳ ಆ ರಾತ್ರಿ ಡಿಸೆಂಬರ್ ಎಂಬುದು ಯಾರಿಗೂ ಕಂಡಿರಲಿಲ್ಲ. ನಾಳೆಯೋ, ಹತ್ತು ವರ್ಷವೋ ಎಂದು ತಿಳಿಯದೆ ಕೂತವನಿಗೆ ಗೋಡೆ ಕೆರೆಯುವುದೇ ಬದುಕಾಗಿತ್ತು. ದಿನಕ್ಕೊಂದು ಗುರಿ, ಕೈಗೊಂದು ಕೆಲಸ, ಜತೆಗೆ ನಂಬುವ ನಾಲ್ಕು ಜನ. ಇಷ್ಟಿದ್ದರೆ ಮನುಷ್ಯ ಎಂಥ ಕೋಣೆಯಲ್ಲೂ ಕುಸಿಯುವುದಿಲ್ಲ.

ಊರಿನಲ್ಲಿ ಕಾಗದಕ್ಕಾಗಿ ಕಾದಿದ್ದ ತಂದೆ ತಾಯಿಯರಿಗೆ ಇದಾವುದೂ ತಿಳಿದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಗ ಬರುವುದಷ್ಟೇ. ನಾಲ್ಕೈದು ಮೈಲಿ ಬಾಕಿಯಿರುವಾಗ ಸೋತ ಮಕ್ಕಳು, ಸೋತವರ ಹಾಗಲ್ಲದೆ, ತಲೆಯೆತ್ತಿಕೊಂಡೇ ಮನೆಗೆ ಬಂದರು.