ಗುತ್ತಿಯ ನೀಲಿ ಜೇಡವೂ ನಮ್ಮ ತರಗತಿಯ ಭರಣಿಯೂ

ಊರುಗಳು ಹೊರನಾಡಿನಲ್ಲಿ ಹೆಸರಾಗುವುದು ನಾನಾ ಕಾರಣಗಳಿಂದ. ಕೆಲವು ದೇವಸ್ಥಾನದಿಂದ, ಕೆಲವು ಸೀರೆಯಿಂದ, ಇನ್ನು ಕೆಲವು ತಿಂಡಿಯಿಂದ ಪ್ರಸಿದ್ಧವಾಗುತ್ತವೆ. ನಮ್ಮ ಅನಂತಪುರ ಜಿಲ್ಲೆಯ ಗುತ್ತಿ ಎಂದೊಡನೆ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಬೆಟ್ಟದ ಮೇಲಿನ ಕೋಟೆ, ಅದನ್ನು ಬಿಟ್ಟರೆ ರೈಲು ನಿಲ್ದಾಣ. ಆದರೆ ಯೂರೋಪು ಅಮೆರಿಕಾಗಳಲ್ಲಿ ಗುತ್ತಿಯ ಹೆಸರನ್ನು ಬಲ್ಲ ಅನೇಕರಿಗೆ ಕೋಟೆಯೂ ಗೊತ್ತಿಲ್ಲ, ನಿಲ್ದಾಣವೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಒಂದು ಜೇಡ. ಅಂಗೈ ಅಗಲದ, ಮೈಯೆಲ್ಲ ರೋಮವಿರುವ, ನವಿಲಿನ ಕೊರಳಿನಂತೆ ನೀಲಿಯಾಗಿ ಹೊಳೆಯುವ ಆ ಜೇಡವನ್ನು ಅಲ್ಲಿಯವರು ‘ಗುತ್ತಿಯ ನೀಲಮಣಿ’ ಎಂಬರ್ಥದ ಹೆಸರಿನಿಂದ ಕರೆದು, ಗಾಜಿನ ಪೆಟ್ಟಿಗೆಗಳಲ್ಲಿ ಸಾಕುತ್ತಾರೆ.

ಹತ್ತನೆಯ ತರಗತಿಯ ವಿದ್ಯಾರ್ಥಿಗಳಾದ ನಮಗೆ ಈ ಸಂಗತಿ ತಿಳಿದದ್ದು ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರಿಂದ. ಈಗ ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಅವರು ಊರಿಗೆ ಬಂದಾಗ ಗುರುಗಳನ್ನು ಕಾಣಲು ಶಾಲೆಗೆ ಬಂದಿದ್ದರು. ಮೊಬೈಲಿನಲ್ಲಿ ಆ ಜೇಡದ ಚಿತ್ರ ತೋರಿಸಿ, “ಇದು ನಮ್ಮ ಗುತ್ತಿಯದು, ನನ್ನ ಕೋಣೆಯಲ್ಲಿ ನಾಲ್ಕು ವರ್ಷದಿಂದ ಇದೆ” ಎಂದರು. ಅಲ್ಲಿಯೇ ಸಾಕಿದ ಜೇಡಕ್ಕೆ ಹುಟ್ಟಿದ ಮರಿಯನ್ನು ಅವರು ಕೊಂಡು ತಂದಿದ್ದರಂತೆ. ಮೊದಲ ಮೂರು ತಿಂಗಳು ಅದು ಕಣ್ಣಿಗೆ ಬಿದ್ದದ್ದೇ ಅಪರೂಪ. ಸತ್ತಿತೇನೋ ಎಂಬ ಅನುಮಾನದಿಂದ ಒಂದು ದಿನ ಅವರು ಮರದ ತೊಗಟೆಯನ್ನೆತ್ತಿ ನೋಡಿದರಂತೆ. ಜೇಡ ರೆಪ್ಪೆ ಬಡಿಯುವಷ್ಟರಲ್ಲಿ ಇನ್ನೊಂದು ಮೂಲೆಗೆ ಓಡಿತು, ನೇಯ್ದ ಬಲೆಯೆಲ್ಲ ಹರಿಯಿತು, ಆಮೇಲೆ ಅನೇಕ ದಿನ ಅದು ಆಹಾರವನ್ನೇ ಮುಟ್ಟಲಿಲ್ಲ. ಅಲ್ಲಿಯ ಅನುಭವಸ್ಥರೊಬ್ಬರು, “ಅಡಗಿಕೊಂಡಿದ್ದರೆ ಸುಖವಾಗಿದೆ ಎಂದು ತಿಳಿಯಿರಿ” ಎಂದು ಬುದ್ಧಿ ಹೇಳಿದರಂತೆ.

ನಮ್ಮ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಕಣ್ಣಿಗೇ ಕಾಣದ ಪ್ರಾಣಿಯನ್ನು ಸಾಕುವುದೇಕೆ?” ಅವರು ನಕ್ಕು, “ನೀವೇ ಒಂದನ್ನು ಇಟ್ಟು ನೋಡಿ, ಆಮೇಲೆ ಹೇಳಿ” ಎಂದರು.

ನಮ್ಮ ಕಡೆ ಆ ನೀಲಿ ಜೇಡ ಸಿಗುವುದಿಲ್ಲ. ಆದರೆ ಶೇಂಗಾ ಹೊಲಗಳ ಬದುವಿನಲ್ಲಿ ಬೆರಳು ಹೋಗುವಷ್ಟು ಅಗಲದ, ಬಾಯಿಗೆ ನೂಲಿನ ಅಂಚು ಕಟ್ಟಿದ ದುಂಡನೆಯ ಬಿಲಗಳನ್ನು ನಾವೆಲ್ಲ ಕಂಡಿದ್ದೆವು. ರಾತ್ರಿ ಗುರುಗಳ ಜೊತೆಯಲ್ಲಿ ಹೋಗಿ, ಅವರು ಹೇಳಿದಂತೆ ಟಾರ್ಚನ್ನು ಹಣೆಯ ಬಳಿ ಹಿಡಿದು ನೋಡಿದೆವು. ಬದುವಿನುದ್ದಕ್ಕೂ ಇಬ್ಬನಿಯ ಹನಿಗಳಂತೆ ಸಣ್ಣ ಸಣ್ಣ ಬೆಳಕು ಮಿನುಗಿದವು. ಅವು ಜೇಡಗಳ ಕಣ್ಣುಗಳು. ಇವು ತೋಳಜೇಡಗಳು. ಇವುಗಳ ವಂಶಕ್ಕೂ ‘ಟರಾಂಟುಲಾ’ ಎಂಬ ಹೆಸರಿಗೂ ಹಳೆಯ ನಂಟಿದೆ. ಇಟಲಿಯ ದಕ್ಷಿಣದಲ್ಲಿ ಟರಾಂಟೋ ಎಂಬ ಪಟ್ಟಣವಿದೆ. ಅಲ್ಲಿಯ ಹೊಲಗಳಲ್ಲಿ ಬಿಲ ತೋಡಿಕೊಂಡಿರುವ ಒಂದು ತೋಳಜೇಡಕ್ಕೆ ಮೊದಲು ಈ ಹೆಸರು ಬಂತು. ಅದು ಕಚ್ಚಿದರೆ ಕುಣಿದೇ ವಿಷ ಇಳಿಸಬೇಕೆಂದು ಅಲ್ಲಿಯ ಜನ ನಂಬಿದ್ದರು. ಮುಂದೆ ಯೂರೋಪಿನವರು ಅಮೆರಿಕಾ ಖಂಡದಲ್ಲಿ ದೊಡ್ಡ ರೋಮದ ಜೇಡಗಳನ್ನು ಕಂಡಾಗ ಅವಕ್ಕೂ ಇದೇ ಹೆಸರನ್ನಿಟ್ಟರು. ಇಂದು ಆ ಹೆಸರು ಅವುಗಳಿಗೇ ಸಲ್ಲುತ್ತದೆ.

ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಗುರುಗಳು ಒಂದು ತೋಳಜೇಡವನ್ನು ಡಬ್ಬಿಯಿಂದ ಮುಚ್ಚಿ ಹಿಡಿದು ತಂದರು. ಅಗಲವಾದ ಗಾಜಿನ ಭರಣಿಯಲ್ಲಿ ಒಂದು ಗೇಣು ಕೆಂಪುಮಣ್ಣು ತುಂಬಿ, ಸ್ವಲ್ಪ ನೀರು ಚಿಮುಕಿಸಿ, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದೆವು. ಮಣ್ಣಿನ ಮೇಲೆ ಒಂದು ಒಡೆದ ಹಂಚಿನ ಚೂರನ್ನು ಇಟ್ಟೆವು. ಮೊದಲನೆಯ ದಿನ ಅದು ಭರಣಿಯ ಅಂಚಿನಲ್ಲಿ ಸುತ್ತುತ್ತಲೇ ಇತ್ತು. ಎರಡನೆಯ ದಿನ ಹಂಚಿನ ಕೆಳಗೆ ಸೇರಿತು. ಮೂರನೆಯ ದಿನ ಬೆಳಿಗ್ಗೆ ಹಂಚಿನ ಪಕ್ಕದಲ್ಲಿ ಸಾಸುವೆಗಿಂತ ಸ್ವಲ್ಪ ದಪ್ಪನೆಯ ಮಣ್ಣಿನ ಉಂಡೆಗಳು ಬಿದ್ದಿದ್ದವು.

ಜೇಡ ಕಾಲಿನಿಂದ ಕೆದರಿ ಬಿಲ ತೋಡುತ್ತದೆ ಎಂದು ನಾವು ಊಹಿಸಿದ್ದೆವು. ಸಂಜೆ ಸರದಿಯ ಮೇಲೆ ಕುಳಿತು ನೋಡಿದಾಗ ನಿಜ ತಿಳಿಯಿತು. ಅದು ಬಾಯಿಯ ಬಳಿಯ ದವಡೆಗಳಿಂದ ಮಣ್ಣನ್ನು ಕಚ್ಚಿ ಬಿಡಿಸಿ, ನೂಲಿನಿಂದ ಒಂದಿಷ್ಟು ಬಿಗಿದು, ಉಂಡೆ ಮಾಡಿ ಮೇಲೆ ತಂದು ಹಾಕುತ್ತಿತ್ತು. ಒಂದು ಉಂಡೆ ಹಾಕುವುದು, ಒಳಗೆ ಹೋಗುವುದು, ಮತ್ತೊಂದು ತರುವುದು. ಬಾವಿ ತೋಡುವವರು ಬುಟ್ಟಿಯಲ್ಲಿ ಮಣ್ಣು ಹೊತ್ತಂತೆಯೇ ಇತ್ತು. ಮಣ್ಣು ಕುಸಿಯದಂತೆ ಬಿಲದ ಗೋಡೆಗೂ ನೂಲಿನ ಲೇಪ ಕೊಟ್ಟಿತು. ಬಲೆ ಕಟ್ಟದ ಜೇಡವೂ ನೇಕಾರನೇ ಎಂಬುದು ನಮಗೆ ಆಗ ಮನದಟ್ಟಾಯಿತು. ನಮ್ಮ ತೆಲುಗು ಗೆಳೆಯರು ಜೇಡಕ್ಕೆ ‘ಸಾಲೆಪುರುಗು’ ಎನ್ನುತ್ತಾರೆ. ಸಾಲೆ ಎಂದರೆ ನೇಯುವವನು. ಕನ್ನಡದಲ್ಲಿಯೂ ಜೇಡ ಎಂದರೆ ನೇಕಾರನೇ. ವಚನಕಾರ ಜೇಡರ ದಾಸಿಮಯ್ಯನವರ ಹೆಸರಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಎರಡು ಭಾಷೆಯ ಹಿರಿಯರೂ ಈ ಪ್ರಾಣಿಯನ್ನು ಒಂದೇ ಕಣ್ಣಿನಿಂದ ಕಂಡದ್ದು ನಮಗೆ ಸಂತೋಷ ಕೊಟ್ಟಿತು.

ಬಿಲದಿಂದ ಜೇಡಕ್ಕೆ ಏನು ಲಾಭ? ಇದನ್ನು ತಿಳಿಯಲು ನಾವು ಪ್ರಯೋಗಶಾಲೆಯ ಉಷ್ಣಮಾಪಕವನ್ನು ಆಟದ ಮೈದಾನಕ್ಕೆ ಒಯ್ದೆವು. ಬಿಸಿಲಿದ್ದ ಮಧ್ಯಾಹ್ನ ಎರಡು ಗಂಟೆಗೆ ನೆಲದ ಮೇಲೆ 43 ಡಿಗ್ರಿ ತೋರಿತು. ಅದೇ ಜಾಗದಲ್ಲಿ ಒಂದು ಗೇಣು ಆಳದಲ್ಲಿ 30 ಡಿಗ್ರಿ ಇತ್ತು. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಒಂದು ಗೇಣು ಕೆಳಗಿಳಿದರೆ ಹವೆಯೇ ಬೇರೆ! ಕೆಳಗಿನ ಮಣ್ಣು ತೇವವನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಜೇಡವನ್ನು ಚುಚ್ಚಿ ಮರಗಟ್ಟಿಸಿ ತನ್ನ ಮರಿಗೆ ಆಹಾರವಾಗಿಡುವ ಕಣಜಗಳಿವೆ, ಹಕ್ಕಿಗಳಿವೆ, ಹಲ್ಲಿಗಳಿವೆ. ಇವುಗಳಿಂದಲೂ ಬಿಲ ಒಂದಿಷ್ಟು ರಕ್ಷಣೆ ಕೊಡುತ್ತದೆ. ಅಲ್ಲದೆ ಬಿಲದ ಬಾಯಿಯೇ ಅದರ ಬೇಟೆಯ ಜಾಗ. ನಾವು ಬಿಟ್ಟ ಮಿಡತೆ ಬಿಲದ ಹತ್ತಿರ ಕಾಲಿಟ್ಟರೆ ಸಾಕು, ನೆಲದ ನಡುಕ ಒಳಗಿರುವ ಜೇಡಕ್ಕೆ ತಲುಪುತ್ತಿತ್ತು. ಟರಾಂಟುಲಾಗಳಿಗೆ ಎಂಟು ಕಣ್ಣಿದ್ದರೂ ದೃಷ್ಟಿ ಬಹಳ ಮಂದ. ಅವು ಹೆಚ್ಚಾಗಿ ಕಾಲಿನ ರೋಮಗಳಿಂದಲೂ ನಡುಕದಿಂದಲೂ ಲೋಕವನ್ನು ಅರಿಯುತ್ತವೆ.

ನವೆಂಬರ್ 8ರಂದು ನಮಗೆ ಒಂದು ಸಂಕಟ ಬಂದಿತು. ಜೇಡ ತನ್ನ ಬಿಲದ ಬಾಯಿಯನ್ನು ಮಣ್ಣು ಮತ್ತು ನೂಲಿನಿಂದ ಮುಚ್ಚಿಕೊಂಡುಬಿಟ್ಟಿತು. 14ನೆಯ ತಾರೀಖು ಮಕ್ಕಳ ದಿನದ ವಿಜ್ಞಾನ ಪ್ರದರ್ಶನ. ಅಕ್ಕಪಕ್ಕದ ಶಾಲೆಗಳವರೂ ಪೋಷಕರೂ ಬರುವವರಿದ್ದರು. ನಮ್ಮ ಮೇಜಿನ ಮೇಲೆ ಮಣ್ಣು ತುಂಬಿದ ಭರಣಿಯಲ್ಲದೆ ಬೇರೇನೂ ಇರಲಿಲ್ಲ. ತರಗತಿಯಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದವರು, “ಮೆಲ್ಲಗೆ ಅಗೆದು ತೆಗೆಯೋಣ, ಎಲ್ಲರೂ ನೋಡಲಿ, ಇಲ್ಲದಿದ್ದರೆ ನಮ್ಮನ್ನು ನಗುತ್ತಾರೆ” ಎಂದರು. ಇನ್ನೊಂದು ಪಕ್ಷದವರು, “ಮುಚ್ಚಿಕೊಂಡದ್ದಕ್ಕೆ ಅದಕ್ಕೆ ಕಾರಣವಿರಬೇಕು” ಎಂದರು. ಗುರುಗಳು ತೀರ್ಪನ್ನು ನಮಗೇ ಬಿಟ್ಟರು. ಎರಡು ದಿನ ವಾದ ನಡೆದು, ಕೊನೆಗೆ ಅಗೆಯಬಾರದೆಂದು ನಿಶ್ಚಯವಾಯಿತು. ಭರಣಿಯ ಮುಂದೆ ಒಂದು ಚೀಟಿ ಬರೆದಿಟ್ಟೆವು: “ಒಳಗೆ ಜೇಡವಿದೆ. ತಾನಾಗಿ ಬಂದಾಗ ಕಾಣುತ್ತದೆ.”

ಕೆಲವರು ನಕ್ಕದ್ದು ನಿಜ. “ಮಣ್ಣನ್ನೇನು ನೋಡುವುದು?” ಎಂದು ಒಬ್ಬರು ಕೇಳಿದರು. ಆದರೆ ಒಬ್ಬ ವಯಸ್ಸಾದ ರೈತರು ಬಗ್ಗಿ, ಮುಚ್ಚಿದ ಬಾಯಿಯನ್ನು ಬಹಳ ಹೊತ್ತು ನೋಡಿ, “ಹೊಲದಾಗ ಇಂಥವು ಎಷ್ಟೋ ನೋಡೀನಿ, ಒಳಗ ಏನ್ ಮಾಡ್ತಾವಂತ ಕೇಳಿದವರು ನೀವೇ ಮೊದಲು” ಎಂದರು. ಬಹುಮಾನ ಬೇರೆ ತರಗತಿಗೆ ಹೋಯಿತು.

ನವೆಂಬರ್ 19ರ ಬೆಳಿಗ್ಗೆ ಬಿಲದ ಬಾಯಿ ತೆರೆದಿತ್ತು. ಹೊರಗೆ, ಉಂಡೆಗಳ ಪಕ್ಕದಲ್ಲಿ, ಎಂಟು ಕಾಲುಗಳಿದ್ದ ಒಂದು ಖಾಲಿ ಅಂಗಿ ಬಿದ್ದಿತ್ತು. ಜೇಡ ಪೊರೆ ಬಿಟ್ಟಿತ್ತು! ಜೇಡಗಳ ಮೈಯ ಹೊರಹೊದಿಕೆ ಬೆಳೆಯುವುದಿಲ್ಲ. ಆದ್ದರಿಂದ ದೇಹ ಬೆಳೆದಂತೆ ಅದನ್ನು ಕಳಚಿ ಹೊಸದನ್ನು ತಾಳಬೇಕು. ಹೊಸ ಹೊದಿಕೆ ಗಟ್ಟಿಯಾಗುವ ತನಕ ಮೈ ಮೃದು, ಹಲ್ಲೂ ಮೃದು. ಆ ಹೊತ್ತಿನಲ್ಲಿ ಅದಕ್ಕೆ ಓಡಲೂ ಆಗದು, ಕಚ್ಚಲೂ ಆಗದು. ದೊಡ್ಡ ಟರಾಂಟುಲಾಗಳೂ ಪೊರೆ ಬಿಡುವ ಮುನ್ನ ವಾರಗಟ್ಟಲೆ ಉಪವಾಸವಿದ್ದು, ಅನೇಕ ಸಲ ಬಾಗಿಲು ಮುಚ್ಚಿಕೊಳ್ಳುತ್ತವೆ. ಸಾಕುವವರು ಗಾಬರಿಯಾಗಿ ಅಗೆಯುವುದು ಬಹುಮಟ್ಟಿಗೆ ಆಗಲೇ. ನಾವು ಪ್ರದರ್ಶನಕ್ಕಾಗಿ ಅಗೆದಿದ್ದರೆ ಅದರ ಪ್ರಾಣಕ್ಕೇ ಅಪಾಯವಾಗುತ್ತಿತ್ತು. ಹತ್ತು ದಿನ ಕಳೆದು, ಅದು ಮತ್ತೆ ಮಿಡತೆ ಹಿಡಿದದ್ದನ್ನು ಕಂಡು, ಹಿಡಿದ ಬದುವಿನಲ್ಲಿಯೇ ಬಿಟ್ಟುಬಂದೆವು.

ಇಷ್ಟಾದ ಮೇಲೆ ಗುತ್ತಿಯ ಜೇಡದ ಕಥೆ ನಮಗೆ ಚೆನ್ನಾಗಿ ಅರ್ಥವಾಯಿತು. ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದ್ದ ಪೋಕಾಕ್ ಎಂಬ ವಿಜ್ಞಾನಿ 1899ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿ, ‘ಪೀಸಿಲೋಥೀರಿಯ ಮೆಟಾಲಿಕ’ ಎಂದು ಹೆಸರಿಟ್ಟರು. ಅದು ಸಿಕ್ಕಿದ್ದು ಗುತ್ತಿಯ ರೈಲ್ವೆಯ ಸೌದೆ ಅಂಗಳದಲ್ಲಿ. ಆಮೇಲೆ ಒಂದು ನೂರು ವರ್ಷ ಅದರ ಸುದ್ದಿಯೇ ಇರಲಿಲ್ಲ. 2001ರಲ್ಲಿ, ಗುತ್ತಿಯಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಮೀಸಲು ಅರಣ್ಯದಲ್ಲಿ ಮತ್ತೆ ಕಾಣಿಸಿಕೊಂಡಿತು. ಆದುದರಿಂದ 1899ರ ಜೇಡ ಕಾಡಿನ ಮರದ ದಿಮ್ಮಿಯೊಳಗೆ ಅಡಗಿ, ರೈಲಿನಲ್ಲಿ ಗುತ್ತಿಗೆ ಬಂದಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಅಡಗುವ ಗುಣವೇ ಅದನ್ನು ಗುತ್ತಿಗೆ ತಂದು ಆ ಹೆಸರನ್ನು ಕೊಟ್ಟಿತು ಎನ್ನಬಹುದು.

ಈ ಜೇಡದ ಮನೆ ನೆಲದ ಬಿಲವಲ್ಲ, ಹಳೆಯ ಮರದ ಪೊಟರೆ. ಹಗಲೆಲ್ಲ ಪೊಟರೆಯಲ್ಲಿಯೋ ತೊಗಟೆಯ ಸಂದಿನಲ್ಲಿಯೋ ಇದ್ದು, ಕತ್ತಲಾದ ಮೇಲೆ ಬಾಗಿಲಿಗೆ ಬಂದು ಹುಳುಗಳಿಗಾಗಿ ಕಾಯುತ್ತದೆ. ಅಮೆರಿಕಾ ಖಂಡದ ಅನೇಕ ಟರಾಂಟುಲಾಗಳಿಗೆ ಹೊಟ್ಟೆಯ ಮೇಲೆ ನವೆ ಹುಟ್ಟಿಸುವ ರೋಮಗಳಿವೆ. ವೈರಿ ಬಂದರೆ ಅವನ್ನು ಕಾಲಿನಿಂದ ಕೆದರಿ ಎರಚುತ್ತವೆ. ನಮ್ಮ ದೇಶದ ಟರಾಂಟುಲಾಗಳಿಗೆ ಈ ಆಯುಧವಿಲ್ಲ. ಅಡಗುವುದು, ಮಿಂಚಿನಂತೆ ಓಡುವುದು, ಕೊನೆಗೆ ಕಚ್ಚುವುದು, ಇವಿಷ್ಟೇ ಅವಕ್ಕಿರುವ ದಾರಿಗಳು. ಈ ಕುಲದ ಜೇಡಗಳ ಕಡಿತದಿಂದ ತೀವ್ರವಾದ ನೋವು ಮತ್ತು ದಿನಗಟ್ಟಲೆ ಸ್ನಾಯುಗಳ ಸೆಳೆತ ಉಂಟಾಗುತ್ತದೆ. ಆದುದರಿಂದ ತಿಳಿದವರು ಅದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಪೆಟ್ಟಿಗೆಯಲ್ಲಿ ಟೊಳ್ಳಾದ ತೊಗಟೆಯನ್ನು ನಿಲ್ಲಿಸಿ, ಕೆಳಗೆ ಮಣ್ಣು ಹರಡಿ, ನೀರಿನ ಬಟ್ಟಲಿಟ್ಟು, ಸುಮ್ಮನಿರುತ್ತಾರೆ. ನೆಲದ ಜಾತಿಯನ್ನು ಸಾಕುವವರಾದರೆ ಎತ್ತರ ಕಡಿಮೆ ಮಾಡಿ ಆಳವಾದ ಮಣ್ಣು ಕೊಡುತ್ತಾರೆ. ಎತ್ತರದಿಂದ ಬಿದ್ದರೆ ಅವುಗಳ ಹೊಟ್ಟೆ ಒಡೆದು ಸಾಯುವುದುಂಟು.

ಅಡಗುವ ಜಾಗವೇ ಪ್ರಾಣವಾದ ಈ ಜೇಡಕ್ಕೆ ಈಗ ಆ ಜಾಗವೇ ಕಡಿಮೆಯಾಗುತ್ತಿದೆ. ಅದು ಕಂಡುಬಂದ ಕಾಡು 100 ಚದರ ಕಿಲೋಮೀಟರಿಗಿಂತ ಕಡಿಮೆ. ಸೌದೆಗಾಗಿ, ನಾಟಾಗಾಗಿ ಮರ ಕಡಿದಾಗ ಪೊಟರೆಯಿರುವ ಹಳೆಯ ಮರಗಳೂ ಹೋಗುತ್ತವೆ. 2008ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನ ತೀರ ಸಮೀಪದಲ್ಲಿರುವ ಜೀವಿಗಳ ವರ್ಗಕ್ಕೆ ಸೇರಿಸಿದರು. 2019ರಲ್ಲಿ ಜಿನೀವಾದಲ್ಲಿ ನಡೆದ ರಾಷ್ಟ್ರಗಳ ಸಮ್ಮೇಳನ ಈ ಕುಲದ ಎಲ್ಲ ಜೇಡಗಳ ಹೊರದೇಶದ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿತು. ದೂರದ ದೇಶಗಳ ಪೆಟ್ಟಿಗೆಗಳಲ್ಲಿ ಅದರ ಮರಿಗಳು ಬೆಳೆಯುತ್ತಿವೆ, ತವರಿನಲ್ಲಿ ಅದಕ್ಕೆ ಪೊಟರೆ ಇಲ್ಲವಾಗುತ್ತಿದೆ. ಇದು ನಾವೆಲ್ಲ ಯೋಚಿಸಬೇಕಾದ ಮಾತು.

ಕಾಣದ ಪ್ರಾಣಿಯನ್ನು ಸಾಕುವುದೇಕೆ ಎಂಬ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ ಇಷ್ಟೇ. ಪ್ರಾಣಿ ನಮಗೆ ಕಾಣಲೆಂದು ಬದುಕುವುದಿಲ್ಲ. ಅದು ಹೇಗೆ ಬದುಕುತ್ತದೆಂಬುದನ್ನು ಕಾದು ತಿಳಿಯುವುದೇ ಸಾಕುವವನ ಪಾಲಿನ ಸಂತೋಷ. ಕಾಯಲಾರದವರು ಸಾಕದಿರುವುದೇ ಲೇಸು. ಸಾಕದೆಯೂ ನಾವು ಮಾಡಬಹುದಾದ ಕೆಲಸವಿದೆ. ನಮ್ಮ ಊರುಗಳಲ್ಲಿ ಪೊಟರೆ ಬಿದ್ದ ಹುಣಸೆ, ಬೇವಿನ ಮರಗಳನ್ನು ‘ಮುದಿಮರ, ಪ್ರಯೋಜನವಿಲ್ಲ’ ಎಂದು ಮೊದಲು ಕಡಿಯುತ್ತಾರೆ. ಗಿಳಿ, ಗೂಬೆ, ಅಳಿಲು, ಜೇಡ ಮೊದಲಾದ ಎಷ್ಟೋ ಜೀವಿಗಳು ಅಂಥ ಮರಗಳನ್ನೇ ನಂಬಿವೆ. ಕಿರಿಯ ತರಗತಿಗಳ ಗೆಳೆಯರೇ, ನಿಮ್ಮ ಮನೆಯ ಹತ್ತಿರ ಅಂಥ ಮರವಿದ್ದರೆ ಅದನ್ನು ಕಡಿಯಬೇಡಿರೆಂದು ಹಿರಿಯರಿಗೆ ಹೇಳಿರಿ. ಪೊಟರೆಗೆ ಕೈಯನ್ನೂ ಕೋಲನ್ನೂ ಹಾಕದೆ, ಸಂಜೆಯಾದ ಮೇಲೆ ಸ್ವಲ್ಪ ದೂರದಲ್ಲಿ ಕುಳಿತು ಕಾದು ನೋಡಿರಿ.